ಜಮ್‌ಷೇಟ್‌ಜಿ ತಾತಾರವರ ಚರಿತ್ರೆ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಸೀಮೆಗಳಲ್ಲಿ ವಾಸಿಸುವ ನಮ್ಮ ವಾಚಕರಿಗೆ ರೇಷ್ಮೆಯ ಹುಳುವಿನ ಸಂಗತಿಯನ್ನು ಹೇಳಿಕೊಡಬೇಕಾದದ್ದಿಲ್ಲ. ಹುಳುವು ನಾಲ್ಕನೆಯ ಜ್ವರವನ್ನು ಕಳೆದು ಹಣ್ಣಾಗುವ ತನಕ ಮನೆಯವರಿಗೆ ನಿದ್ರೆಯಿಲ್ಲವೆಂಬದನ್ನು ಅವರು ಚೆನ್ನಾಗಿ ಬಲ್ಲರು. ಹತ್ತೊಂಬತ್ತನೆಯ ಶತಮಾನದ ಕಡೇ ಭಾಗದಲ್ಲಿ ಈ ಕಸುಬು ಮೈಸೂರು ಸಂಸ್ಥಾನದಲ್ಲಿ ರೋಗದಿಂದ ಬಹಳವಾಗಿ ಕ್ಷೀಣಿಸಿತ್ತು. ಅದನ್ನು ಎತ್ತಿ ನಿಲ್ಲಿಸಲು ಪ್ರಯತ್ನಿಸಿದವರಲ್ಲಿ ಒಬ್ಬರು ಈ ನಾಡಿನವರೇ ಅಲ್ಲ. ಬೊಂಬಾಯಿಯ ಒಬ್ಬ ಪಾರ್ಸಿ ವರ್ತಕರು.

ಜಮ್‌ಷೇಟ್‌ಜಿ ನಸರ್ವಾನ್‌ಜಿ ತಾತಾರವರು 1839ನೆಯ ಇಸವಿ ಮಾರ್ಚಿ 3ನೇ ತಾರೀಖಿನಲ್ಲಿ ಗುಜರಾತಿನ ನವಸಾರಿಯಲ್ಲಿ, ಪುರೋಹಿತರ ವಂಶದಲ್ಲಿ ಹುಟ್ಟಿದರು. ಬೊಂಬಾಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1858ರಲ್ಲಿ ವ್ಯಾಸಂಗವನ್ನು ಮುಗಿಸಿ, ತಂದೆಯ ವ್ಯಾಪಾರದಲ್ಲಿ ಸೇರಿದರು. 1877ರಲ್ಲಿ ನಾಗಪುರದಲ್ಲಿ ಎಂಪ್ರೆಸ್ ಮಿಲ್ ಎಂಬ ಬಟ್ಟೆಯ ಗಿರಣಿಯನ್ನು ತೆರೆದರು. ಅವರು ಹಣವನ್ನು ಹೇಗೆ ಗಳಿಸಿದರೆಂಬದಕ್ಕಿಂತ ಹೇಗೆ ವೆಚ್ಚಮಾಡಿದರೆಂಬದೇ ನಮಗೆ ಮುಖ್ಯ.

ಬುದ್ಧಿವಂತರಾದ ಯುವಕರು ಹಣವಿಲ್ಲದೆ ಓದನ್ನು ನಿಲ್ಲಿಸುವದನ್ನು ಕಂಡು ಅವರು 1892ರಲ್ಲಿ ಒಂದು ನಿಧಿಯನ್ನು ಸ್ಥಾಪಿಸಿದರು. ಹೊರದೇಶಕ್ಕೆ ಹೋಗಿ ಉನ್ನತ ವಿದ್ಯೆಯನ್ನು ಕಲಿಯುವವರಿಗೆ ಅದರಿಂದ ಸಾಲವು ದೊರೆಯುತ್ತಿತ್ತು. ಮೊದಲು ಸಹಾಯ ಹೊಂದಿದವರಲ್ಲಿ ವೈದ್ಯ ವಿದ್ಯೆಗಾಗಿ ಹೊರಟ ಸ್ತ್ರೀಯರೂ ಇದ್ದರು. ಕಲಿತವರು ಸಂಪಾದನೆಗೆ ತೊಡಗಿದ ಮೇಲೆ ಹಣವನ್ನು ಹಿಂದಕ್ಕೆ ಕೊಡಬೇಕು. ಅದು ಮತ್ತೊಬ್ಬ ವಿದ್ಯಾರ್ಥಿಗೆ ಸಲ್ಲಬೇಕು. ಸಿರಿವಂತರು ದಾನ ಕೊಡದೆ ಸಾಲ ಕೊಟ್ಟದ್ದು ಕಾಠಿಣ್ಯವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವದಿಲ್ಲ. ಸಾಲ ತೀರಿಸಿದವನು ಯಾರ ಮುಂದೆಯೂ ತಲೆ ತಗ್ಗಿಸಬೇಕಾಗಿಲ್ಲ. ಆದರೆ ಈ ಏಣಿಯ ಕೆಳಗಿನ ಮೆಟ್ಟಲುಗಳನ್ನು ಆಗಲೇ ಹತ್ತಿದವರಿಗೆ ಮಾತ್ರ ನಿಧಿಯು ಎಟಕುತ್ತಿತ್ತೆಂಬದೂ ನಿಜವೇ.

ಹಳ್ಳಿಯವರಿಗೆ ಎಟಕಿದ್ದು ಬೇರೊಂದು ಶಾಲೆ. ತಾತಾರವರು ಫ್ರಾನ್ಸಿನಲ್ಲಿಯೂ ಜಪಾನಿನಲ್ಲಿಯೂ ರೇಷ್ಮೆಯ ಕೆಲಸವನ್ನು ನೋಡಿದ್ದರು. ಮೈಸೂರು ಸರಕಾರದವರ ಸಹಾಯದಿಂದ ಬೆಂಗಳೂರಿನ ಬಸವನಗುಡಿಯ ಬಳಿಯಲ್ಲಿ ಒಂದು ರೇಷ್ಮೆಯ ತೋಟವನ್ನು ಮಾಡಿ, ಕಲಿಸುವದಕ್ಕಾಗಿ ಜಪಾನಿನಿಂದ ಓಡ್ಜು ಎಂಬ ದಂಪತಿಗಳನ್ನು ಕರೆಯಿಸಿದರು. ಗಂಟು ರೋಗವು ತಾಯಿಚಿಟ್ಟೆಯಿಂದ ಮೊಟ್ಟೆಗೆ ಬರುವದೆಂದು ಫ್ರಾನ್ಸಿನ ಪಾಸ್ಚರ್ ಪಂಡಿತರು ತೋರಿಸಿಕೊಟ್ಟಿದ್ದರು. ಆದದರಿಂದ ಚಿಟ್ಟೆಯು ಮೊಟ್ಟೆಯಿಟ್ಟ ಬಳಿಕ ಅದನ್ನು ಅರೆದು ಸೂಕ್ಷ್ಮದರ್ಶಕ ಯಂತ್ರದಲ್ಲಿ ನೋಡಬೇಕು. ರೋಗದ ಕಣಗಳು ಕಂಡರೆ ಆ ಮೊಟ್ಟೆಗಳನ್ನೆಲ್ಲಾ ಸುಟ್ಟುಬಿಡಬೇಕು. ಇದನ್ನು ಕಲಿಯುವದಕ್ಕೆ ಕಾಲೇಜಿನ ಪರೀಕ್ಷೆಯು ಬೇಕಾಗಿರಲಿಲ್ಲ.

ಇದಲ್ಲದೆ, ಹಿಂದೂದೇಶದಲ್ಲಿಯೇ ಶಾಸ್ತ್ರಗಳನ್ನು ಕಲಿಸುವ ಮಹಾವಿದ್ಯಾಲಯವು ಇರಬೇಕೆಂದು 1898ರಲ್ಲಿ ಅವರು ಸುಮಾರು 30 ಲಕ್ಷ ರೂಪಾಯಿ ಬೆಲೆಯುಳ್ಳ ಆಸ್ತಿಯನ್ನು ಕೊಡಲೊಪ್ಪಿದರು. ಅಂಥಾ ಶಾಲೆಗೆ ವಿದ್ಯಾರ್ಥಿಗಳು ಎಲ್ಲಿಂದ ಬಂದಾರೆಂದು ವೈಸರಾಯ್ ಕರ್ಜನ್ ಪ್ರಭುಗಳು ಸಂಶಯಪಟ್ಟರು. ಮಾತುಕತೆಯಲ್ಲಿ ವರುಷಗಳು ಕಳೆದವು. ಮೈಸೂರು ಸಂಸ್ಥಾನದವರು ಬೆಂಗಳೂರಿನಲ್ಲಿ 371 ಎಕ್ರೆ ಭೂಮಿಯನ್ನು ಕೊಡುವದಕ್ಕೆ ಮುಂದೆ ಬಂದರು. ಹೀಗಿರಲಾಗಿ ತಾತಾರವರು 1904ನೆಯ ಮೇ 19ರಲ್ಲಿ ಜರ್ಮನಿ ದೇಶದ ಬಾಟ್ ನೌಹೈಮ್ ಎಂಬಲ್ಲಿ ತೀರಿಕೊಂಡರು. ಆಗ ಒಂದು ಇಟ್ಟಿಗೆಯನ್ನಾದರೂ ಇಟ್ಟಿರಲಿಲ್ಲ. 1909ರಲ್ಲಿ ವಿದ್ಯಾಲಯವು ಸ್ಥಾಪಿತವಾಗಿ, 1911ರಲ್ಲಿ ವಿದ್ಯಾರ್ಥಿಗಳು ಸೇರಿದರು. ಬೆಂಗಳೂರಿನವರು ಅದನ್ನು ಇಂದಿಗೂ ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ.

ರೇಷ್ಮೆಯ ತೋಟವು ಅವರ ತರುವಾಯ ಸಾಲ್ವೇಶನ್ ಆರ್ಮಿಯವರ ಕೈಗೆ ಬಂದಿತು. ಮೈಸೂರು ಸರಕಾರದವರೂ ಇಟಲಿ ದೇಶದಿಂದ ನಿಪುಣರನ್ನು ಕರೆಯಿಸಿ, ಚನ್ನಪಟ್ಟಣದಲ್ಲಿ ತಮ್ಮದೇ ಆದ ರೇಷ್ಮೆಯ ಫಾರಮನ್ನು ನಡಿಸಿದರು. ಬೆಂಗಳೂರಿನ ಆ ತೋಟವು ಈಗ ಮನೆಗಳಿಂದ ತುಂಬಿದ ಬಡಾವಣೆಯಾಗಿ ಹೆಸರಿನಲ್ಲಿ ಮಾತ್ರ ಉಳಿದಿದೆ. ರಾಮನಗರದ ಮಾರುಕಟ್ಟೆಗೆ ಗೂಡನ್ನು ಹೊತ್ತು ತರುವ ರೈತನು ಅದನ್ನು ನೋಡಿರಲಿಕ್ಕಿಲ್ಲ. ಆದರೆ ಅವನಿಗೆ ಮೊಟ್ಟೆಯನ್ನು ಕೊಡುವ ಬಿತ್ತನೆ ಕೋಠಿಯಲ್ಲಿ ತಾಯಿಚಿಟ್ಟೆಯನ್ನು ಅರೆದು ನೋಡುವ ಪದ್ಧತಿಯು ಈ ಹೊತ್ತಿಗೂ ನಡೆಯುತ್ತಿದೆ.