ಟೆಲ್ಫೋರ್ಡ್ ವರ್ಕ್

ಟೆಲ್ಫೋರ್ಡ್ ಹಿಂಡ್ಲಿ ವರ್ಕ್ (1921–1995) ಅಮೆರಿಕದ ವೈದ್ಯ ಹಾಗೂ ವೈರಾಣು ವಿಜ್ಞಾನಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಎಂದು ಕರೆಯಲಾಗುವ ಕ್ಯಾಸನೂರು ಕಾಡಿನ ಕಾಯಿಲೆಯ ವೈರಾಣುವನ್ನು 1957ರಲ್ಲಿ ಪತ್ತೆಹಚ್ಚಿದ ತಂಡದ ಮುಖ್ಯಸ್ಥರಾಗಿದ್ದರು.

ಆರಂಭಿಕ ಜೀವನ

ವರ್ಕ್ ಕ್ಯಾಲಿಫೋರ್ನಿಯಾದಲ್ಲಿ ಜನಿಸಿದರು. ವೈದ್ಯರಾದ ಬಳಿಕ ಈಜಿಪ್ಟಿನಲ್ಲಿ ವೆಸ್ಟ್ ನೈಲ್ ವೈರಾಣುವಿನ ಅಧ್ಯಯನದಲ್ಲಿ ತೊಡಗಿದರು. ಪಕ್ಷಿವೀಕ್ಷಣೆ ಅವರ ಮತ್ತೊಂದು ಆಸಕ್ತಿಯಾಗಿತ್ತು. ಮುಂದೆ ಭಾರತಕ್ಕೆ ಬಂದು, 1952ರಲ್ಲಿ ಸ್ಥಾಪನೆಯಾಗಿದ್ದ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾದರು. ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ.

ಕ್ಯಾಸನೂರಿನ ಸಂಶೋಧನೆ

1957ರ ಆರಂಭದಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಹರಡಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಕಾಯಿಲೆ ಬಿದ್ದುದರಿಂದ, ಏಷ್ಯಾದಲ್ಲಿ ಎಂದೂ ಕಾಣಿಸದ ಹಳದಿ ಜ್ವರ ಕಾಲಿಟ್ಟಿರಬಹುದೆಂಬ ಆತಂಕ ಮೂಡಿತು. ವರ್ಕ್, ಹೆರಾಲ್ಡ್ ಟ್ರಾಪಿಡೊ, ಟಿ. ರಾಮಚಂದ್ರ ರಾವ್ ಮೊದಲಾದವರು ನಡೆಸಿದ ಪರೀಕ್ಷೆಗಳಿಂದ ಇದು ಹೊಸ ವೈರಾಣುವೆಂದೂ, ರಷ್ಯಾದಲ್ಲಿ ಮರ ಕಡಿಯುವವರನ್ನು ಕಾಡುತ್ತಿದ್ದ ಮಿದುಳು ಜ್ವರದ ವೈರಾಣುವಿಗೆ ಹತ್ತಿರದ್ದೆಂದೂ ತಿಳಿದುಬಂತು. ರೋಗವನ್ನು ಹರಡುವುದು ಕಾಡಿನ ಉಣ್ಣಿ (ಉಣುಗು) ಎಂಬುದೂ ಖಚಿತವಾಯಿತು.

ಸೌದೆ, ತರಗೆಲೆ, ಸೊಪ್ಪು ತರಲು ಮತ್ತು ದನ ಮೇಯಿಸಲು ಕಾಡಿಗೆ ಹೋಗುವವರೇ ಹೆಚ್ಚಾಗಿ ಈ ರೋಗಕ್ಕೆ ತುತ್ತಾಗುತ್ತಿದ್ದರು. ಬೇಸಾಯದ ಕೆಲಸ ಮುಗಿದು ಜನರು ಕಾಡಿಗೆ ಹೆಚ್ಚಾಗಿ ಹೋಗುವ ಬೇಸಿಗೆಯಲ್ಲೇ ಮರಿ ಉಣ್ಣಿಗಳೂ ಹೆಚ್ಚಿರುತ್ತವೆ. ಹೀಗಾಗಿ ಇದು ಕಾಡನ್ನು ಅವಲಂಬಿಸಿ ದುಡಿಯುವವರ ವೃತ್ತಿಸಂಬಂಧಿ ರೋಗವೂ ಹೌದು. ಸಂಶೋಧನೆಯ ಅವಧಿಯಲ್ಲಿ ಪ್ರಯೋಗಾಲಯದ ಸಿಬ್ಬಂದಿಗೂ ಸೋಂಕು ತಗುಲಿತ್ತು.

ವೈರಾಣು ವಲಸೆ ಹಕ್ಕಿಗಳ ಮೂಲಕ ಉತ್ತರದಿಂದ ಬಂದಿರಬಹುದೇ ಎಂಬ ಪ್ರಶ್ನೆಯೂ ಎದ್ದಿತು. ಸಲೀಂ ಅಲಿ ಅವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕೈಗೊಂಡ ಹಕ್ಕಿಗಳಿಗೆ ಉಂಗುರ ತೊಡಿಸುವ ಯೋಜನೆಗೆ ಈ ಪ್ರಶ್ನೆಯೂ ಪ್ರೇರಣೆಯಾಯಿತು.

ನಂತರದ ಜೀವನ

ಅಮೆರಿಕಕ್ಕೆ ಮರಳಿದ ವರ್ಕ್, ಅಟ್ಲಾಂಟಾದ ರೋಗ ನಿಯಂತ್ರಣ ಕೇಂದ್ರದಲ್ಲಿಯೂ ಬಳಿಕ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿಯೂ ಸೇವೆ ಸಲ್ಲಿಸಿದರು. 1995ರಲ್ಲಿ ನಿಧನರಾದರು.

ಪ್ರಭಾವ

ಆರಂಭದಲ್ಲಿ ಸೊರಬ, ಸಾಗರದ ಆಸುಪಾಸಿಗೆ ಸೀಮಿತವಾಗಿದ್ದ ರೋಗವು ಕಾಲಕ್ರಮೇಣ ಉತ್ತರ ಕನ್ನಡ, ದಕ್ಷಿಣ ಕನ್ನಡ ಹಾಗೂ ಚಿಕ್ಕಮಗಳೂರು ಜಿಲ್ಲೆಗಳಿಗೆ ಹಬ್ಬಿತು. ಶೃಂಗೇರಿ, ಕೊಪ್ಪ, ನರಸಿಂಹರಾಜಪುರ ತಾಲ್ಲೂಕುಗಳಲ್ಲೂ ಪ್ರಕರಣಗಳು ಕಾಣಿಸಿಕೊಂಡಿವೆ. ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಕಾಡಿಗೆ ಹೋಗುವ ಮೊದಲು ಮೈಗೆ ಉಣ್ಣಿ ನಿರೋಧಕ ತೈಲ ಹಚ್ಚಿಕೊಳ್ಳುವುದು, ಮೈಮುಚ್ಚುವ ಬಟ್ಟೆ ಧರಿಸುವುದು, ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸುವುದು ಮುಂತಾದ ಮುನ್ನೆಚ್ಚರಿಕೆಗಳಿಗೆ ಅಂದಿನ ಸಂಶೋಧನೆಯೇ ಆಧಾರವಾಗಿದೆ.