ಮಿತ ಸಾಧನದ ಮಹಾಶಿಲ್ಪಿ: ಒಸಾಮು ತೆಜುಕಾ

ಚಲಿಸುವ ಚಿತ್ರವೆಂಬುದು ನಮ್ಮ ಕೊಪ್ಪಳ ಸೀಮೆಗೆ ಹೊಸತಲ್ಲ. ಮೋರನಾಳದ ಶಿಳ್ಳೇಕ್ಯಾತ ಕಲಾವಿದರು ದೀಪದ ಬೆಳಕಿನಲ್ಲಿ ತೊಗಲುಗೊಂಬೆಗಳನ್ನಾಡಿಸಿ ರಾಮಾಯಣ, ಮಹಾಭಾರತಗಳನ್ನು ತಲೆಮಾರುಗಳಿಂದ ಕಣ್ಣೆದುರಿಗೆ ತಂದವರು. ಆ ಪರಂಪರೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ತೊಗಲುಗೊಂಬೆಗೆ ಇರುವ ಕೀಲುಗಳು ಕೆಲವೇ. ಉಳಿದುದನ್ನು ಆಡಿಸುವವರ ದನಿ, ಹಾಡು ಹಾಗೂ ನೋಡುವವರ ಕಲ್ಪನೆ ತುಂಬಿಕೊಡುತ್ತವೆ. ಇಂಥದೇ ಮಿತವ್ಯಯದಿಂದ ಜಪಾನಿನ ಅನಿಮೇಷನ್ ಕಲೆಗೆ ಪಾಶ್ಚಾತ್ಯ ಕಾರ್ಟೂನಿಗಿಂತ ಭಿನ್ನವಾದ ದಾರಿಯನ್ನು ತೆರೆದ ಧೀಮಂತರೇ ಒಸಾಮು ತೆಜುಕಾ.

ತೆಜುಕಾ ಅವರು 1928ರ ನವೆಂಬರ್ 3ರಂದು ಒಸಾಕಾ ಪ್ರಾಂತದ ತೊಯೊನಾಕಾದಲ್ಲಿ ಜನಿಸಿ, ತಕರಾಜುಕಾ ಊರಿನಲ್ಲಿ ಬೆಳೆದರು. ತಂದೆಯವರು ಮನೆಯಲ್ಲಿರಿಸಿದ್ದ ಸಣ್ಣ ಪ್ರೊಜೆಕ್ಟರಿನಿಂದ ಡಿಸ್ನಿ ಹಾಗೂ ಚಾಪ್ಲಿನ್‌ರ ಚಿತ್ರಗಳು ಬಾಲ್ಯದಲ್ಲಿಯೇ ಅವರಿಗೆ ಪರಿಚಿತವಾದವು. ಕೀಟಗಳ ಮೇಲಿನ ಅಕ್ಕರೆಯಿಂದ ತಮ್ಮ ಹೆಸರಿಗೆ ಹುಳುವೆಂಬ ಅರ್ಥದ ಅಕ್ಷರವನ್ನೇ ಸೇರಿಸಿಕೊಂಡರು. 1945ರಲ್ಲಿ ಯುದ್ಧಸಾಮಗ್ರಿಯ ಕಾರ್ಖಾನೆಯಲ್ಲಿ ದುಡಿಯುತ್ತಿದ್ದಾಗ ಒಸಾಕಾದ ಮೇಲೆ ನಡೆದ ಬಾಂಬುದಾಳಿಯಿಂದ ಬದುಕುಳಿದರು. ಜೀವದ ಬೆಲೆಯೇ ಅವರ ಮುಂದಿನ ಕೃತಿಗಳ ಉಸಿರಾಯಿತು.

ಒಸಾಕಾ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಓದಿ, 1961ರಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆದರೆ ತಾಯಿಯವರ ಪ್ರೋತ್ಸಾಹದಿಂದ ಅವರು ಆರಿಸಿಕೊಂಡ ವೃತ್ತಿ ಚಿತ್ರರಚನೆ. 1947ರಲ್ಲಿ ಪ್ರಕಟವಾದ ‘ಹೊಸ ನಿಧಿದ್ವೀಪ’ ಎಂಬ ಚಿತ್ರಕಥೆ ಅವರಿಗೆ ಕೀರ್ತಿ ತಂದಿತು. 1952ರಲ್ಲಿ ಆರಂಭವಾದ ‘ಆಟಮ್’ ಎಂಬ ಯಂತ್ರಬಾಲಕನ ಕಥೆ, ಮುಂದೆ ‘ಆಸ್ಟ್ರೋ ಬಾಯ್’ ಎಂದು ಲೋಕವಿಖ್ಯಾತವಾಯಿತು.

ಅವರು ಗುರುಭಾವದಿಂದ ಕಂಡವರು ಅಮೆರಿಕದ ವಾಲ್ಟ್ ಡಿಸ್ನಿ. 1951ರಲ್ಲಿ ಜಪಾನಿಗೆ ಬಂದ ‘ಬ್ಯಾಂಬಿ’ ಚಿತ್ರವನ್ನು ತೆಜುಕಾ ಎಂಬತ್ತಕ್ಕೂ ಹೆಚ್ಚು ಸಲ ನೋಡಿದರೆಂಬುದು ಪ್ರಸಿದ್ಧ. ಆಟಮ್‌ನ ಅಗಲವಾದ ಕಣ್ಣುಗಳು ಆ ಪಾಶ್ಚಾತ್ಯ ಋಣದ ಕುರುಹು. ಸಿನಿಮಾದ ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಡಿಸ್ನಿಯವರ ಕಲಾವಿದರು ಸಾಮಾನ್ಯವಾಗಿ ಸೆಕೆಂಡಿಗೆ 12 ಚಿತ್ರ, ಅಗತ್ಯವಿದ್ದೆಡೆ 24 ಚಿತ್ರಗಳನ್ನು ಬರೆಯುತ್ತಿದ್ದರು. ಪಾತ್ರದ ನಡೆ, ಬಟ್ಟೆಯ ಮಡಿಕೆ, ನೀರಿನ ಹನಿ ಎಲ್ಲವೂ ನಿರಂತರವಾಗಿ ಚಲಿಸಬೇಕೆಂಬುದು ಅವರ ಆದರ್ಶ. ಅದಕ್ಕೆ ಬೇಕಾದದ್ದು ಅಪಾರ ಹಣ, ಜನ ಮತ್ತು ಕಾಲ.

ತೆಜುಕಾ ಅವರ ಬಳಿ ಅವಾವುವೂ ಇರಲಿಲ್ಲ. 1961ರಲ್ಲಿ ಅವರು ಆರಂಭಿಸಿದ ಕೇಂದ್ರವು ‘ಮುಶಿ ಪ್ರೊಡಕ್ಷನ್’ ಎಂದು ಹೆಸರಾಯಿತು. 1963ರ ಜನವರಿ 1ರಿಂದ ವಾರಕ್ಕೊಮ್ಮೆ ಅರ್ಧ ಗಂಟೆಯ ಆಟಮ್ ಸರಣಿಯನ್ನು ಟೆಲಿವಿಷನ್ನಿಗೆ ನೀಡತೊಡಗಿದರು. ಒಂದೇ ಚಿತ್ರವನ್ನು ಮೂರು ಚೌಕಟ್ಟುಗಳಿಗೆ ಬಳಸಿದರೆ ಸೆಕೆಂಡಿಗೆ 8 ಚಿತ್ರ ಸಾಕು. ಮಾತನಾಡುವಾಗ ಬಾಯಿ ಮಾತ್ರ ಅಲುಗುವುದು, ಬರೆದ ಚಿತ್ರಗಳನ್ನು ಕಾದಿಟ್ಟು ಮರಳಿ ಬಳಸುವುದು, ನಿಶ್ಚಲ ಚಿತ್ರದ ಮೇಲೆ ಕ್ಯಾಮೆರಾ ಸರಿಯುವುದು ಅವರ ಉಪಾಯಗಳಾಗಿದ್ದವು. ಅಮೆರಿಕದ ಹನಾ-ಬಾರ್ಬೆರಾ ಕೂಡ ಟೆಲಿವಿಷನ್ನಿಗಾಗಿ ಮಿತ ಚಲನೆಯನ್ನೇ ಹಿಡಿದಿದ್ದರು. ಆದರೆ ಅವರದು ಹೆಚ್ಚಾಗಿ ಹಾಸ್ಯ. ತೆಜುಕಾ ಅದೇ ಮಿತಿಯೊಳಗೆ ದೀರ್ಘಕಥೆ, ದುಃಖ, ಮರಣ, ನ್ಯಾಯಾನ್ಯಾಯಗಳ ವಿಚಾರವನ್ನು ತಂದರು. ಮಡಿದ ಮಗನ ಹೋಲಿಕೆಯಲ್ಲಿ ತಂದೆಯೊಬ್ಬ ಯಂತ್ರಬಾಲಕನನ್ನು ರಚಿಸುವುದೇ ಆಟಮ್ ಕಥೆಯ ಮೂಲ. ಚಲನೆಯ ಕೊರತೆಯನ್ನು ಭಾವದಿಂದ ತುಂಬಿದುದು ಅವರ ಹೆಗ್ಗಳಿಕೆ. 1966ರ ಅಂತ್ಯದವರೆಗೆ 193 ಕಂತುಗಳು ಪ್ರಸಾರವಾದವು. ಈ ನಡುವೆ 1964ರಲ್ಲಿ, ನ್ಯೂಯಾರ್ಕಿನ ವಿಶ್ವಮೇಳದಲ್ಲಿ, ಡಿಸ್ನಿಯವರ ಭೇಟಿಯ ಭಾಗ್ಯವೂ ಅವರಿಗೆ ಒದಗಿತು.

ಆದರೆ ಈ ಗೆಲುವಿಗೆ ತೆರಬೇಕಾಗಿ ಬಂದ ಬೆಲೆಯನ್ನು ಮರೆಮಾಚಲಾಗದು. ತೆಜುಕಾ ಕಂತುಗಳನ್ನು ತಯಾರಿಕೆಯ ವೆಚ್ಚಕ್ಕಿಂತ ಕಡಿಮೆ ದರಕ್ಕೆ ಮಾರಿದರು. ಕೊರತೆಯನ್ನು ತಮ್ಮ ಚಿತ್ರಕಥೆಗಳ ಗಳಿಕೆಯಿಂದಲೂ ಆಟಿಕೆಗಳ ಹಕ್ಕಿನಿಂದಲೂ ತುಂಬಿದರು. ಆ ಅಗ್ಗದ ದರವೇ ಪದ್ಧತಿಯಾಗಿ, ಜಪಾನಿನ ಚಿತ್ರಕಾರರ ಕಡಿಮೆ ಸಂಬಳಕ್ಕೆ ಕಾರಣವಾಯಿತೆಂಬ ಆಕ್ಷೇಪ ಇಂದಿಗೂ ಉಳಿದಿದೆ. ಅವರು ಕಟ್ಟಿದ ಸಂಸ್ಥೆಯೂ 1973ರಲ್ಲಿ ದಿವಾಳಿಯಾಯಿತು.

ಆದರೂ ಅವರ ಲೇಖನಿ ನಿಲ್ಲಲಿಲ್ಲ. 1972ರಿಂದ 1983ರವರೆಗೆ ‘ಬುದ್ಧ’ ಎಂಬ ಬೃಹತ್ ಚಿತ್ರಕಥೆಯನ್ನು ಬರೆದರು. ಬೌದ್ಧಧರ್ಮಕ್ಕೆ ಒಲಿದ ಅಶೋಕನ ಶಾಸನಗಳನ್ನು ಗವಿಮಠ ಹಾಗೂ ಪಾಲ್ಕಿಗುಂಡುಗಳ ಬಂಡೆಗಳ ಮೇಲೆ ಉಳಿಸಿಕೊಂಡಿರುವ ಕೊಪ್ಪಳದವರಿಗೆ ಈ ವಸ್ತು ಅಪರಿಚಿತವಲ್ಲ. 1987ರ ‘ಅರಣ್ಯದ ದಂತಕಥೆ’ ಎಂಬ ಚಿತ್ರದಲ್ಲಿ ಕಾಡಿನ ಜೀವಿಗಳನ್ನು ಡಿಸ್ನಿಯ ಪೂರ್ಣ ಚಲನೆಯಲ್ಲಿಯೂ ಕಾಡು ಕಡಿಯುವವರನ್ನು ಟೆಲಿವಿಷನ್ನಿನ ಮಿತ ಚಲನೆಯಲ್ಲಿಯೂ ತೋರಿದರು. ತಾವು ಬೆಳೆಸಿದ ಪದ್ಧತಿಯನ್ನು ತಾವೇ ತಕ್ಕಡಿಗೆ ಹಾಕಿದ ಆ ಧೈರ್ಯ ಅಪರೂಪದ್ದು. ಚಿತ್ರವು ಅಪೂರ್ಣವಾಗಿರುವಾಗಲೇ, 1989ರ ಫೆಬ್ರವರಿ 9ರಂದು, ಹೊಟ್ಟೆಯ ಕ್ಯಾನ್ಸರಿನಿಂದ ತಮ್ಮ 60ನೆಯ ವಯಸ್ಸಿನಲ್ಲಿ ತೆಜುಕಾ ತೀರಿಕೊಂಡರು.

ಅವರ ಕಾಲಾನಂತರ ಜಪಾನಿನ ಯುಗೊ ಸಾಕೊ ಮತ್ತು ಭಾರತದ ರಾಮಮೋಹನ್ ಅವರ ಸಹಯೋಗದಲ್ಲಿ ‘ರಾಮಾಯಣ’ ಅನಿಮೇಷನ್ ಚಿತ್ರ ಸಿದ್ಧವಾಯಿತು. ರಾಮಮೋಹನ್ ಅವರು ಡಿಸ್ನಿ ಸಂಸ್ಥೆಯಲ್ಲಿದ್ದ ಕ್ಲೇರ್ ವೀಕ್ಸ್ ಅವರಿಂದ ತರಬೇತಿ ಪಡೆದವರು. ಹೀಗೆ, ಗಂಗಾವತಿ ತಾಲ್ಲೂಕಿನ ಆನೆಗೊಂದಿಯವರು ತಮ್ಮ ನೆಲದ್ದೆಂದೇ ನಂಬಿರುವ ಕಿಷ್ಕಿಂಧೆಯ ಕಥೆಯಲ್ಲಿ ಎರಡೂ ಪರಂಪರೆಗಳು ಕೈಗೂಡಿದವು.

ಪೂರ್ವ ಪಶ್ಚಿಮಗಳಲ್ಲಿ ಯಾವುದು ಮೇಲು ಎಂಬ ವಾದಕ್ಕಿಂತ, ಈ ಬದುಕು ಕಲಿಸುವ ಪಾಠ ದೊಡ್ಡದು. ಸಾಧನಗಳು ಕಡಿಮೆಯಿದ್ದರೂ ದೊಡ್ಡ ಕೆಲಸ ಸಾಧ್ಯ. ಆದರೆ ಆ ಕೊರತೆಯ ಹೊರೆ ದುಡಿಯುವ ಕೈಗಳ ಮೇಲೆಯೇ ಬೀಳಬಾರದು. ಸೀಮಿತ ಅನುಕೂಲಗಳಲ್ಲಿ ಮಕ್ಕಳನ್ನು ರೂಪಿಸುವ ಶಿಕ್ಷಕರಿಗೂ ಅವರ ಬೆನ್ನಿಗೆ ನಿಲ್ಲುವ ದಾನಿಗಳಿಗೂ ಈ ಎರಡೂ ಮಾತು ಸಮನಾಗಿ ಸಲ್ಲುತ್ತವೆ.