ಚಿನ್ನವನ್ನು ಕರಗಿಸುವ ವಿಷ: ಹಟ್ಟಿ ಗಣಿಗೂ ಗ್ಲಾಸ್ಗೋದ ಜಾನ್ ಮ್ಯಾಕ್‌ಆರ್ಥರ್‌ಗೂ ಏನು ನಂಟು?

ಚಿನ್ನ ತೆಗೆಯಲು ಸೈನೈಡ್ ಬಳಸುತ್ತಾರೆ, ಹಾಗಾಗಿ ಒಡವೆಯಲ್ಲೂ ಸ್ವಲ್ಪ ವಿಷ ಉಳಿದಿರುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಮೊದಲರ್ಧ ನಿಜ, ಉಳಿದರ್ಧ ಸುಳ್ಳು. ಸುಳ್ಳು ಹೇಗೆ ಎಂಬುದನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ನಿಜದ ಭಾಗವನ್ನು ನೋಡೋಣ, ಏಕೆಂದರೆ ಅದು ನಮ್ಮ ರಾಯಚೂರು ಜಿಲ್ಲೆಗೇ ಸೇರಿದ ಕಥೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇವತ್ತು ಬಂಡೆಯಿಂದ ಚಿನ್ನ ಬೇರೆಯಾಗುತ್ತಿದ್ದರೆ, ಅದರ ಹಿಂದೆ 1887ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಒಂದು ದವಾಖಾನೆಯ ಕೋಣೆಯಲ್ಲಿ ಸಿಕ್ಕ ವಿದ್ಯೆ ಇದೆ. ಆ ವಿದ್ಯೆಗೆ ಅಂಟಿಕೊಂಡಿರುವ ಹೆಸರು ಜಾನ್ ಸ್ಟೀವರ್ಟ್ ಮ್ಯಾಕ್‌ಆರ್ಥರ್. ಗಣಿ ಲೋಕದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ.

ಇಂಥ ಕಥೆಗಳನ್ನು ನಾವು ಸಾಮಾನ್ಯವಾಗಿ ಒಬ್ಬ ಮಹಾಮೇಧಾವಿಗೆ ಒಂದು ರಾತ್ರಿ ಏನೋ ಹೊಳೆಯಿತು ಎಂಬಂತೆ ಓದುತ್ತೇವೆ. ಮ್ಯಾಕ್‌ಆರ್ಥರ್ ಬದುಕು ಹಾಗಿಲ್ಲ. ಅಲ್ಲಿ ಮುಳುಗುತ್ತಿದ್ದ ಒಂದು ಕಂಪನಿ ಇದೆ, ಬೇರೆ ಕಂಪನಿಯಲ್ಲಿ ಸಂಬಳಕ್ಕಿದ್ದ ರಸಾಯನಜ್ಞ ಇದ್ದಾನೆ, ಗಣಿಗೂ ತಮಗೂ ಸಂಬಂಧವೇ ಇಲ್ಲದ ಇಬ್ಬರು ಡಾಕ್ಟರುಗಳಿದ್ದಾರೆ.

ಮೊದಲು ಸಮಸ್ಯೆ ಏನಿತ್ತು ಎಂದು ನೋಡಿ. ಗಣಿಯಲ್ಲಿ ಚಿನ್ನ ಗಟ್ಟಿಗಟ್ಟಿಯಾಗಿ ಸಿಗುವುದು ಸಿನಿಮಾದಲ್ಲಿ. ನಿಜದಲ್ಲಿ ಒಂದು ಟನ್ ಅದಿರಿನಲ್ಲಿ ಕೆಲವೇ ಗ್ರಾಂ ಇರುತ್ತದೆ, ಅದೂ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಲ್ಲಿ. ಹಿಂದೆ ಬೆಣಚು ಕಲ್ಲನ್ನು ದೊಡ್ಡ ಕಬ್ಬಿಣದ ಒನಕೆಗಳಲ್ಲಿ ಕುಟ್ಟಿ, ಆ ರಾಡಿಯನ್ನು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ಪಾದರಸ ಚಿನ್ನವನ್ನು ಹಿಡಿದುಕೊಳ್ಳುತ್ತದೆ. ಆದರೆ ಬಹಳ ಸಣ್ಣ ಕಣಗಳು, ಗಂಧಕ ಬೆರೆತ ಕಬ್ಬಿಣದ ಅದಿರಿನೊಳಗೆ ಅಡಗಿದ ಕಣಗಳು ಕೈತಪ್ಪಿ ನೀರಿನ ಜೊತೆ ಹೋಗುತ್ತಿದ್ದವು. ಅದಿರು ಕೆಟ್ಟದ್ದಿದ್ದರೆ ಹೀಗೆ ಹೋಗುವ ಪಾಲು ಮೂರನೇ ಒಂದಕ್ಕೂ ಹೆಚ್ಚು.

ಸಿಂಧನೂರಿನ ರೈಸ್ ಮಿಲ್ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಭತ್ತ ಅಕ್ಕಿಯಾಗುವಾಗ ತೌಡು ಉಳಿಯುತ್ತದೆ. ತೌಡಿನಲ್ಲಿ ಎಣ್ಣೆ ಇದೆ ಎಂದು ಎಲ್ಲರಿಗೂ ಗೊತ್ತು, ಆದರೆ ಗಾಣಕ್ಕೆ ಹಾಕಿ ಹಿಂಡಿದರೆ ಅದು ಸರಿಯಾಗಿ ಬರುವುದಿಲ್ಲ. ಹಾಗಾಗಿ ತೌಡನ್ನು ಬೇರೆ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಎಣ್ಣೆಯನ್ನು ಕರಗಿಸಿಕೊಳ್ಳುವ ದ್ರಾವಣದಲ್ಲಿ ತೊಳೆದು ಎಣ್ಣೆ ತೆಗೆಯುತ್ತಾರೆ. ಚಿನ್ನದ ಗಣಿಗೂ ಬೇಕಾಗಿದ್ದದ್ದು ಅಂಥದ್ದೇ ಒಂದು ದ್ರಾವಣ: ಕಲ್ಲನ್ನು ಹಾಗೇ ಬಿಟ್ಟು ಚಿನ್ನವನ್ನು ಮಾತ್ರ ಕರಗಿಸಿಕೊಳ್ಳಬೇಕು.

ಮ್ಯಾಕ್‌ಆರ್ಥರ್ ಹುಟ್ಟಿದ್ದು 1856ರಲ್ಲಿ, ಗ್ಲಾಸ್ಗೋದಲ್ಲಿ. 14ನೇ ವಯಸ್ಸಿಗೇ ಥಾರ್ಸಿಸ್ ಎಂಬ ಗಂಧಕ ಮತ್ತು ತಾಮ್ರದ ಕಂಪನಿಯ ಪ್ರಯೋಗಶಾಲೆಗೆ ಕೆಲಸ ಕಲಿಯಲು ಸೇರಿದ. ಸ್ಪೇನಿನಿಂದ ಬರುತ್ತಿದ್ದ ಅದಿರಿನಲ್ಲಿ ಗಂಧಕ ತೆಗೆದ ಮೇಲೆ ತಾಮ್ರ, ತಾಮ್ರ ತೆಗೆದ ಮೇಲೆ ಉಳಿಯುವ ಚೂರುಪಾರು ಬೆಳ್ಳಿ, ಚಿನ್ನ. ಹೀಗೆ ಬೇರೆಯವರು ಕಸ ಎಂದು ಬಿಟ್ಟದ್ದರಲ್ಲಿ ಬೆಲೆ ಹುಡುಕುವುದೇ ಅಲ್ಲಿನ ದಿನದ ಕೆಲಸ. ಅವನ ಮುಂದಿನ ಬದುಕನ್ನು ನೋಡಿದರೆ ಈ ಅಭ್ಯಾಸ ಕಾಲೇಜಿನ ಪದವಿಗಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ ಎಂದೇ ನಮಗೆ ಅನ್ನಿಸುತ್ತದೆ.

ಅದೇ ಊರಿನಲ್ಲಿ 1884ರಲ್ಲಿ ಕ್ಯಾಸೆಲ್ ಗೋಲ್ಡ್ ಎಕ್ಸ್‌ಟ್ರಾಕ್ಟಿಂಗ್ ಕಂಪನಿ ಶುರುವಾಯಿತು. ವಿದ್ಯುತ್ ಹಾಯಿಸಿ ಕ್ಲೋರಿನ್ ಹುಟ್ಟಿಸಿ ಅದರಿಂದ ಚಿನ್ನ ಕರಗಿಸುತ್ತೇವೆ ಎಂಬುದು ಅದರ ಭರವಸೆ. ಷೇರು ಕೊಳ್ಳಲು ಜನ ಮುಗಿಬಿದ್ದರು. ಆದರೆ ಯಂತ್ರದ ಕಬ್ಬಿಣವೂ ಕರಗಿ, ಕರಗಿದ್ದ ಚಿನ್ನ ಅದರಿಂದಾಗಿ ಮತ್ತೆ ಗಟ್ಟಿಯಾಗಿ ಅದಿರಿನಲ್ಲೇ ಕೂತುಬಿಡುತ್ತಿತ್ತು. ಕಂಪನಿಯ ಹತ್ತಿರ ಹಣವಿತ್ತು, ಹೆಸರಿತ್ತು, ಕೆಲಸ ಮಾಡುವ ವಿದ್ಯೆ ಮಾತ್ರ ಇರಲಿಲ್ಲ. ಈ ದೋಷ ಹಿಡಿದವರಲ್ಲಿ ಮ್ಯಾಕ್‌ಆರ್ಥರ್ ಒಬ್ಬ. ಆಗಲೂ ಅವನು ಥಾರ್ಸಿಸ್‌ನ ನೌಕರನೇ.

ಇಲ್ಲಿ ಡಾಕ್ಟರುಗಳು ಬರುತ್ತಾರೆ. ರಾಬರ್ಟ್ ಫಾರೆಸ್ಟ್ ಮತ್ತು ವಿಲಿಯಂ ಫಾರೆಸ್ಟ್ ಅಣ್ಣತಮ್ಮಂದಿರು, ಗ್ಲಾಸ್ಗೋದಲ್ಲಿ ವೈದ್ಯರು. ಚಿನ್ನ ಕರಗಿಸುವ ಹೊಸ ದಾರಿ ಹುಡುಕೋಣ ಎಂದು ಅವರು ಮ್ಯಾಕ್‌ಆರ್ಥರ್ ಜೊತೆ ಸೇರಿದರು. ಹಗಲು ಅವನಿಗೆ ಕಂಪನಿ ಕೆಲಸ, ಅವರಿಗೆ ರೋಗಿಗಳು. ಸಂಜೆಯಾದ ಮೇಲೆ ಡಾಕ್ಟರ ಜಾಗದಲ್ಲೇ ಪ್ರಯೋಗ. ಒಂದಾದ ಮೇಲೊಂದು ರಾಸಾಯನಿಕ ತೆಗೆದುಕೊಂಡು ಪುಡಿ ಮಾಡಿದ ಅದಿರಿನ ಮೇಲೆ ಸುರಿದು ನೋಡುವುದು, ಇಷ್ಟೇ.

1886ರ ನವೆಂಬರಿನಲ್ಲಿ ಸೈನೈಡ್ ಸರದಿ ಬಂತು. ಸೋಸಿದ ದ್ರಾವಣದೊಳಗೆ ಹೈಡ್ರೋಜನ್ ಸಲ್ಫೈಡ್ ಅನಿಲ ಹಾಯಿಸಿದರು. ಚಿನ್ನ ಕರಗಿದ್ದರೆ ಅದು ಗಟ್ಟಿಯಾಗಿ ಕೆಳಗೆ ಕೂರಬೇಕು ಎಂಬುದು ಅವರ ಲೆಕ್ಕ. ಏನೂ ಕೂರಲಿಲ್ಲ. ಸೈನೈಡ್ ಕೆಲಸಕ್ಕೆ ಬಾರದು ಎಂದು ಬರೆದು ಬದಿಗಿಟ್ಟರು. ಸುಮಾರು ಒಂದು ವರ್ಷ ಅದು ಹಾಗೇ ಬಿದ್ದಿತ್ತು. 1887ರ ಅಕ್ಟೋಬರಿನಲ್ಲಿ ಮತ್ತೆ ಸೈನೈಡ್ ತೆಗೆದುಕೊಂಡಾಗ ಪರೀಕ್ಷೆಯ ಕ್ರಮ ಬದಲಾಯಿಸಿದರು. ನೀರಿನಲ್ಲಿ ಎಷ್ಟು ಬಂತು ಎಂದು ನೋಡುವ ಬದಲು, ಉಳಿದ ಪುಡಿಯಲ್ಲಿ ಎಷ್ಟು ಚಿನ್ನ ಮಿಕ್ಕಿದೆ ಎಂದು ನೋಡಿದರು. ಹೆಚ್ಚುಕಡಿಮೆ ಖಾಲಿ! ಚಿನ್ನ ಮೊದಲ ಸಲವೂ ಕರಗಿಯೇ ಇತ್ತು. ಸೈನೈಡ್ ಅದನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ ಆ ಅನಿಲದಿಂದ ಬಿಡಿಸಲು ಆಗಿರಲಿಲ್ಲ. ಅಕ್ಟೋಬರ್ 19ರಂದು ಪೇಟೆಂಟ್ ಅರ್ಜಿ ಹೋಯಿತು. ಮರುವರ್ಷ, ಹೀಗೆ ಕರಗಿದ ಚಿನ್ನವನ್ನು ಸತುವಿನ ತೆಳು ಸಿಪ್ಪೆಗಳ ಮೇಲೆ ವಾಪಸ್ ಪಡೆಯುವ ಎರಡನೇ ಪೇಟೆಂಟ್. ಈ ಎರಡೂ ಸೇರಿದ ಮೇಲೆಯೇ ಅದು ಗಣಿಗೆ ಉಪಯೋಗವಾಗುವ ವಿಧಾನ ಆದದ್ದು.

ಸೈನೈಡ್ ಚಿನ್ನವನ್ನು ಕರಗಿಸುತ್ತದೆ ಎಂದು ಮೊದಲು ಕಂಡವರು ಇವರಲ್ಲ. ಅದು ಹಿಂದಿನ ಶತಮಾನದಿಂದಲೂ ರಸಾಯನಜ್ಞರಿಗೆ ಗೊತ್ತಿತ್ತು. 1840ರ ಹೊತ್ತಿಗೆ ಬರ್ಮಿಂಗ್‌ಹ್ಯಾಮ್‌ನ ಜಾನ್ ರೈಟ್ ಎಂಬ ಶಸ್ತ್ರವೈದ್ಯ ಅದರಿಂದ ಲೋಹಕ್ಕೆ ಚಿನ್ನ, ಬೆಳ್ಳಿಯ ಲೇಪ ಕೊಡುವುದನ್ನು ಕಂಡುಕೊಂಡಿದ್ದ. ಎಲ್ಕಿಂಗ್ಟನ್ ಕಂಪನಿ ಅವನಿಂದ ಆ ವಿದ್ಯೆ ಕೊಂಡು ದೊಡ್ಡ ವ್ಯಾಪಾರ ಮಾಡಿತು. (ಇಲ್ಲೂ ಡಾಕ್ಟರೇ, ನೋಡಿ.) 1846ರಲ್ಲಿ ಜರ್ಮನಿಯ ಎಲ್ಸ್ನರ್, ಈ ಕ್ರಿಯೆಗೆ ಗಾಳಿಯ ಆಮ್ಲಜನಕವೂ ಬೇಕು ಎಂದು ತೋರಿಸಿದ. ಅಂದರೆ ತುಂಡುಗಳೆಲ್ಲ 40 ವರ್ಷ ಮೇಜಿನ ಮೇಲೇ ಇದ್ದವು. ಲೇಪದವರು ಅದಿರು ನೋಡಲಿಲ್ಲ, ಗಣಿಯವರು ಲೇಪದ ಅಂಗಡಿಗೆ ಹೋಗಲಿಲ್ಲ. ಅದಿರಿನ ಮೇಲೆ ತೆಳು ದ್ರಾವಣ ಹಾಕಿ ಲೆಕ್ಕ ಹಿಡಿದು ನೋಡಿದ್ದು ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸೋದರರು.

ಕ್ಯಾಸೆಲ್ ಕಂಪನಿ ತನ್ನ ಹಳೆಯ ವಿಧಾನ ಬಿಟ್ಟು ಈ ಹೊರಗಿನವರ ವಿಧಾನ ಹಿಡಿಯಿತು. ನಮಗೆ ಇದು ಆ ಕಂಪನಿ ಮಾಡಿದ ಅತ್ಯಂತ ಬುದ್ಧಿವಂತ ಕೆಲಸ ಅನ್ನಿಸುತ್ತದೆ. ಇವತ್ತು ದೊಡ್ಡ ಕಂಪನಿಗಳು ಸ್ಟಾರ್ಟಪ್, ವಿಶ್ವವಿದ್ಯಾಲಯಗಳ ಜೊತೆ ಕೈಜೋಡಿಸುವುದಕ್ಕೆ ಓಪನ್ ಇನ್ನೊವೇಷನ್ ಎಂದು ಹೆಸರಿಟ್ಟಿದ್ದಾರೆ. ಹೆಸರು ಹೊಸದು, ಕೆಲಸ ಹಳೆಯದು. 1889ರಲ್ಲಿ ನ್ಯೂಜಿಲೆಂಡಿನ ಕರಂಗಹಾಕೆಯ ಕ್ರೌನ್ ಗಣಿಯಲ್ಲಿ ಮೊದಲ ವಾಣಿಜ್ಯ ಘಟಕ ನಡೆಯಿತು. 1890ರಲ್ಲಿ ಜೋಹಾನ್ಸ್‌ಬರ್ಗ್ ಬಳಿ ಪ್ರದರ್ಶನ. ಅಲ್ಲಿ ಗಣಿ ಆಳಕ್ಕೆ ಹೋದಂತೆ ಗಂಧಕದ ಅದಿರು ಸಿಕ್ಕಿ, ಪಾದರಸ ಸೋತು, ಷೇರುಗಳು ನೆಲ ಕಚ್ಚಿದ್ದವು. ಸೈನೈಡ್ 90 ಪ್ರತಿಶತದ ಆಸುಪಾಸು ಚಿನ್ನ ತೆಗೆದು ತೋರಿಸಿತು. ಗಣಿಗಳ ಪಕ್ಕ ಗುಡ್ಡ ಹಾಕಿದ್ದ ಹಳೆಯ ಪುಡಿಯೂ ಒಮ್ಮೆಲೇ ಬೆಲೆಬಾಳತೊಡಗಿತು.

ಆಮೇಲೆ ಕೂಟ ಕೆಟ್ಟಿತು. ಕಂಪನಿ ಕೇಳಿದ ರಾಯಲ್ಟಿ ಹೆಚ್ಚಾಯಿತೆಂದು ದಕ್ಷಿಣ ಆಫ್ರಿಕಾದ ಗಣಿ ಮಾಲೀಕರು ತಿರುಗಿಬಿದ್ದರು. ಸೈನೈಡ್ ಗುಣ ಮೊದಲೇ ಗೊತ್ತಿತ್ತಲ್ಲ ಎಂಬ ವಾದ ನ್ಯಾಯಾಲಯಕ್ಕೆ ಹೋಯಿತು. 1896ರಲ್ಲಿ ಟ್ರಾನ್ಸ್‌ವಾಲ್‌ನಲ್ಲಿ ಪೇಟೆಂಟ್ ಬಿದ್ದುಹೋಯಿತು. ನ್ಯೂಜಿಲೆಂಡ್ ಸರ್ಕಾರ ಬೇರೆ ದಾರಿ ಹಿಡಿದು 1897ರಲ್ಲಿ ತನ್ನ ದೇಶದ ಮಟ್ಟಿಗೆ ಹಕ್ಕನ್ನೇ ಕೊಂಡುಕೊಂಡಿತು. ಜಗತ್ತಿನ ಗಣಿಗಳಿಗೆಲ್ಲ ಚಿನ್ನ ಸುರಿಯಿತು, ವಿಧಾನ ಕಂಡುಹಿಡಿದವನಿಗೆ ಅದಕ್ಕೆ ತಕ್ಕ ಪಾಲು ಸಿಗಲಿಲ್ಲ. 1902ರಲ್ಲಿ ಬ್ರಿಟನ್ನಿನ ಗಣಿ ಮತ್ತು ಲೋಹಶಾಸ್ತ್ರ ಸಂಸ್ಥೆ ಅವನಿಗೆ ಚಿನ್ನದ ಪದಕ ಕೊಟ್ಟಿತು. ಕ್ಯಾಸೆಲ್ ಕಂಪನಿ ಮುಂದೆ ಸೈನೈಡ್ ತಯಾರಿಸಿ ಮಾರುವುದನ್ನೇ ಕಸುಬು ಮಾಡಿಕೊಂಡಿತು.

ಈಗ ಒಡವೆಯ ಪ್ರಶ್ನೆಗೆ ಬರೋಣ. ಗಣಿಯ ತೊಟ್ಟಿಯಲ್ಲಿ ಇರುವುದು ಬಹಳ ತೆಳುವಾದ ಸೈನೈಡ್ ದ್ರಾವಣ, ನೂರಕ್ಕೆ ಒಂದು ಭಾಗಕ್ಕಿಂತಲೂ ಎಷ್ಟೋ ಕಡಿಮೆ. ಅದಕ್ಕೆ ಸುಣ್ಣ ಬೆರೆಸಿರುತ್ತಾರೆ. ಸುಣ್ಣ ಇಲ್ಲದೆ ದ್ರಾವಣ ಹುಳಿಯಾದರೆ ವಿಷದ ಅನಿಲ ಏಳುತ್ತದೆ, ಅದಕ್ಕೆ ಈ ಕಾವಲು. ಚಿನ್ನವನ್ನು ದ್ರಾವಣದಿಂದ ಬೇರ್ಪಡಿಸಿದ ಮೇಲೆ 1064 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಕಾವಿನಲ್ಲಿ ಕರಗಿಸುತ್ತಾರೆ, ಶುದ್ಧ ಮಾಡುತ್ತಾರೆ, ಅಕ್ಕಸಾಲಿಗರು ಇನ್ನೊಮ್ಮೆ ಕರಗಿಸುತ್ತಾರೆ. ಆ ಕಾವಿನಲ್ಲಿ ಸೈನೈಡ್ ಉಳಿಯುವುದಿಲ್ಲ. ನಿಮ್ಮ ತಾಳಿಯಲ್ಲಿ, ಬಳೆಯಲ್ಲಿ ಅದು ಇಲ್ಲ.

ಭಯ ಪಡಬೇಕಾದದ್ದು ಬೇರೆ ಕಡೆ ಇದೆ. ಸೈನೈಡ್ ದೇಹಕ್ಕೆ ಹೋದರೆ ರಕ್ತದಲ್ಲಿ ಆಮ್ಲಜನಕ ಇದ್ದರೂ ಜೀವಕೋಶಗಳು ಅದನ್ನು ಬಳಸಲಾರವು, ನಿಮಿಷಗಳಲ್ಲಿ ಪ್ರಾಣ ಹೋಗಬಹುದು. ಒಡವೆ ಹೊಳಪಿಗೆ, ಲೇಪಕ್ಕೆ ಸೈನೈಡ್ ಬಳಸುವ ಕಡೆ ಅದನ್ನು ನೀರಿನ ಬಾಟಲಿಯಲ್ಲಿ, ಹೆಸರು ಬರೆಯದೆ ಇಡುವುದು ಸಾವಿಗೆ ಕರೆ. ಗಣಿಯ ಮಟ್ಟಿಗೆ ಅಪಾಯ ಇರುವುದು ಕೆಲಸ ಮುಗಿದ ರಾಡಿ ನಿಲ್ಲಿಸುವ ಕಟ್ಟೆಗಳಲ್ಲಿ. ಸೂರ್ಯನ ಬೆಳಕು, ಸೂಕ್ಷ್ಮಜೀವಿಗಳು ಸೈನೈಡನ್ನು ಕ್ರಮೇಣ ಒಡೆಯುತ್ತವೆ ನಿಜ, ಆದರೆ ಕಟ್ಟೆ ಒಡೆದರೆ ಅಷ್ಟು ಪುರುಸೊತ್ತು ಇರುವುದಿಲ್ಲ. 2000ದ ಜನವರಿಯಲ್ಲಿ ರೊಮೇನಿಯಾದ ಬಾಯಾ ಮಾರೆಯಲ್ಲಿ ಹಾಗೇ ಆಗಿ, ಸುಮಾರು 1 ಲಕ್ಷ ಘನ ಮೀಟರ್ ವಿಷದ ನೀರು ನದಿ ಸೇರಿ, ಟಿಸಾ ನದಿಯ ಮೀನುಗಳು ರಾಶಿ ರಾಶಿಯಾಗಿ ಸತ್ತವು. ಹಾಗಾಗಿ ಗಣಿ ಸುತ್ತಲ ಊರಿನವರು ಕಟ್ಟೆ ಗಟ್ಟಿ ಇದೆಯೇ, ಬಾವಿ ನೀರು ಪರೀಕ್ಷೆ ಆಗಿದೆಯೇ ಎಂದು ಕೇಳುವುದು ಅತಿಯಾದ ಭಯವಲ್ಲ, ಸರಿಯಾದ ಪ್ರಶ್ನೆ.

ಹಟ್ಟಿಯ ಕಥೆಯಲ್ಲೂ ಒಬ್ಬರೇ ಮಾಡಿದ್ದು ಯಾವುದೂ ಇಲ್ಲ. ಸುಮಾರು 2000 ವರ್ಷಗಳ ಹಿಂದೆ ಇಲ್ಲಿನ ಜನ ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ಒಡೆದು, 600 ಅಡಿಗೂ ಆಳಕ್ಕೆ ಇಳಿದಿದ್ದರು. 20ನೇ ಶತಮಾನದ ಆರಂಭದಲ್ಲಿ ನಿಜಾಮರ ಸೀಮೆಯಲ್ಲಿ ಗಣಿ ಮತ್ತೆ ತೆರೆದಾಗ ಎಲ್ಲಿ ಅಗೆಯಬೇಕು ಎಂದು ತೋರಿಸಿದ್ದು ಆ ಹಳೆಯ ಗುಂಡಿಗಳೇ. ಅಗೆದವರು ಕೋಲಾರದಲ್ಲೂ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಅಂಡ್ ಸನ್ಸ್. ಚಿನ್ನ ಬೇರ್ಪಡಿಸುವ ವಿದ್ಯೆ ಗ್ಲಾಸ್ಗೋದ್ದು. ಪಕ್ಕದ ಮಸ್ಕಿಯಲ್ಲಿ ಇದೇ ಗಣಿ ಕೆಲಸ ಇನ್ನೊಂದು ಬಾಗಿಲು ತೆರೆಯಿತು. 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಸಿ. ಬೀಡನ್ ಅಲ್ಲಿ ಬಂಡೆಯ ಮೇಲೆ ಬರಹ ಕಂಡರು. ಅದನ್ನು ಓದುವುದು ಅವರ ಕೆಲಸವಾಗಿರಲಿಲ್ಲ, ಶಾಸನತಜ್ಞ ಎಚ್. ಕೃಷ್ಣಶಾಸ್ತ್ರಿಗಳು ಓದಿ ಪ್ರಕಟಿಸಿದರು. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಹೇಳುವ ಶಾಸನ ಹೀಗೆ ಸಿಕ್ಕಿತು.

ಮ್ಯಾಕ್‌ಆರ್ಥರ್ ಕೊನೆಯ ವರ್ಷಗಳಲ್ಲಿ ಚಿನ್ನ ಬಿಟ್ಟು ರೇಡಿಯಂ ಕಡೆ ತಿರುಗಿದ್ದ. 1915ರಲ್ಲಿ ಸ್ಕಾಟ್ಲೆಂಡಿನ ಲೊಮಂಡ್ ಸರೋವರದ ಬಳಿ ಬಾಲಕ್ ಎಂಬಲ್ಲಿ ಅದಕ್ಕಾಗಿ ಕಾರ್ಖಾನೆ ಹಾಕಿದ. ಟನ್‌ಗಟ್ಟಲೆ ಅದಿರಿನಿಂದ ಮಿಲಿಗ್ರಾಂ ಲೆಕ್ಕದಲ್ಲಿ ಸಿಗುವ ವಸ್ತು ಅದು. ಮೊದಲ ಮಹಾಯುದ್ಧದ ಕಾಲ, ಕತ್ತಲಲ್ಲಿ ಹೊಳೆಯುವ ಗಡಿಯಾರ ಮತ್ತು ಉಪಕರಣಗಳಿಗೆ ರೇಡಿಯಂ ಬೇಕಿತ್ತು. ಹದಿನಾಲ್ಕರ ಹುಡುಗನಾಗಿ ಕಲಿತದ್ದನ್ನೇ, ಅಂದರೆ ರಾಶಿಯೊಳಗಿನ ಕಣ ಹುಡುಕುವುದನ್ನೇ, ಅರವತ್ತರ ಹೊಸ್ತಿಲಲ್ಲೂ ಮಾಡುತ್ತಿದ್ದ. 1920ರ ಮಾರ್ಚಿನಲ್ಲಿ ತೀರಿಕೊಂಡ.

ಅದೇ 1920ರಲ್ಲಿ ಹಟ್ಟಿ ಗಣಿಯೂ ಮುಚ್ಚಿತು. 27 ವರ್ಷ ಸುಮ್ಮನಿತ್ತು. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿ, ಮರುವರ್ಷ ಮತ್ತೆ ಚಿನ್ನ ಬರತೊಡಗಿತು. ರಾಜ್ಯಗಳ ಪುನರ್ವಿಂಗಡಣೆಯ ನಂತರ ಅದರ ಹೆಸರು ಹಟ್ಟಿ ಗೋಲ್ಡ್ ಮೈನ್ಸ್ ಎಂದಾಯಿತು. 2001ರಲ್ಲಿ ಕೋಲಾರದ ಗಣಿ ಮುಚ್ಚಿದ ಮೇಲೂ ನಡೆಯುತ್ತಿರುವುದು ಇದು. ಅಲ್ಲಿ ನುಣ್ಣಗೆ ಅರೆದ ಅದಿರು ಇವತ್ತಿಗೂ ಸೈನೈಡ್ ತೊಟ್ಟಿಗೇ ಹೋಗುತ್ತದೆ.